ಅಂಗೈಯಗಲದ ಪರದೆಯಲ್ಲಿ ಹಾಗ್‌ವಾರ್ಟ್ಸ್

2001ರಲ್ಲಿ ಹ್ಯಾರಿ ಪಾಟರ್ ಸರಣಿಯ ಮೊದಲ ಚಲನಚಿತ್ರ ‘ಹ್ಯಾರಿ ಪಾಟರ್ ಅಂಡ್ ದ ಫಿಲಾಸಫರ್ಸ್ ಸ್ಟೋನ್’ ತೆರೆಕಂಡ ಹೊತ್ತಿಗೇ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಅದೇ ಹೆಸರಿನ ವಿಡಿಯೊ ಗೇಮ್‌ಗಳನ್ನು ಹಲವು ಯಂತ್ರಗಳಿಗೆ ಹೊರತಂದಿತು. ಹೆಸರು ಒಂದೇ ಆದರೂ ಆಟಗಳು ಬೇರೆ ಬೇರೆ. ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್‌ಗಳಲ್ಲಿ ಓಡುತ್ತ, ಜಿಗಿಯುತ್ತ ಸಾಗುವ ಸಾಹಸವಿದ್ದರೆ, ಗ್ರಿಪ್ಟೊನೈಟ್ ತಂಡವು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರವಾದ ನಿಂಟೆಂಡೊದ ಗೇಮ್ ಬಾಯ್ ಕಲರ್‌ಗೆಂದು ರೂಪಿಸಿದ್ದು ಸರದಿಯ ಮೇಲೆ ಮಂತ್ರ ಪ್ರಯೋಗಿಸುತ್ತ, ಅನುಭವ ಗಳಿಸಿ ಹಂತ ಹಂತವಾಗಿ ಬಲಗೊಳ್ಳುವ ರೋಲ್ ಪ್ಲೇಯಿಂಗ್ ಆಟ. ಮೂಲ ಕಾದಂಬರಿಗೆ ಹೆಚ್ಚು ಹತ್ತಿರವಾಗಿರುವುದು ಈ ಪುಟ್ಟ ಆಟವೇ ಎಂಬುದು ನನ್ನ ದೃಢ ಅಭಿಪ್ರಾಯ.

ಗೇಮ್ ಬಾಯ್ ಕಲರ್‌ನ ಪರದೆಯಲ್ಲಿರುವುದು ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು ಮಾತ್ರ. ಪಾತ್ರಗಳ ಮಾತುಗಳೆಲ್ಲ ಅಕ್ಷರಗಳಲ್ಲೇ ಮೂಡುವುದರಿಂದ ಆಡುವವರು ಓದುತ್ತಲೇ ಮುಂದೆ ಸಾಗಬೇಕು. ಕಾಳಗದಲ್ಲಿಯೂ ಅವಸರಕ್ಕೆ ಎಡೆಯಿಲ್ಲ. ಇಲಿಯೊಂದು ಎದುರಾದಾಗ ಪಟ್ಟಿಯಿಂದ ‘ಫ್ಲಿಪೆಂಡೊ’ ಮಂತ್ರವನ್ನು ಆರಿಸಿದರೆ ಹ್ಯಾರಿಯ ಮಂತ್ರಶಕ್ತಿಯ ಅಂಕ ಇಳಿಯುತ್ತದೆ. ಬಳಿಕ ಸರದಿ ಇಲಿಯದು. ಇರುವ ಶಕ್ತಿಯನ್ನು ಈಗಲೇ ಖರ್ಚು ಮಾಡಬೇಕೇ, ಹಾಗ್‌ವಾರ್ಟ್ಸ್ ಎಂಬ ಮಂತ್ರವಿದ್ಯೆಯ ಶಾಲೆಯ ಮುಂದಿನ ಓಣಿಗೆ ಉಳಿಸಿಕೊಳ್ಳಬೇಕೇ ಎಂಬ ಆ ಲೆಕ್ಕಾಚಾರದಲ್ಲಿ, ಈಗಷ್ಟೇ ಮಂತ್ರ ಕಲಿಯುತ್ತಿರುವ ಹುಡುಗನ ಅಳುಕು ನಮ್ಮದೂ ಆಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೆಸರಾಂತ ಮಾಂತ್ರಿಕರ ಕಾರ್ಡುಗಳು. ಕಾದಂಬರಿಯಲ್ಲಿ ರಸವಾದಿ ನಿಕೊಲಸ್ ಫ್ಲಮೆಲ್ ಯಾರೆಂಬ ಸುಳಿವು ಸಿಗುವುದು ಚಾಕೊಲೇಟಿನ ಜೊತೆ ಬರುವ ಇಂಥದೇ ಕಾರ್ಡಿನಿಂದ. ಆಟದಲ್ಲಿ ಅವನ್ನು ಬರಿದೇ ಕೂಡಿಡುವುದಲ್ಲ, ತಕ್ಕ ಕಾರ್ಡುಗಳನ್ನು ಜೋಡಿಸಿ ಕಾಳಗದಲ್ಲಿ ಬಳಸಬಹುದು. ಪುಸ್ತಕವನ್ನು ಎರಡು ಸಲ ಓದಿದ್ದ ಒಂಬತ್ತು ವರ್ಷದ ನನ್ನ ಮಗಳು ಒಂದೊಂದು ಹೊಸ ಕಾರ್ಡು ಸಿಕ್ಕಾಗಲೂ ಆಟವನ್ನು ಅಲ್ಲಿಗೇ ನಿಲ್ಲಿಸಿ, ಆ ಹೆಸರನ್ನು ಪುಸ್ತಕದಲ್ಲಿ ಹುಡುಕುತ್ತಿದ್ದಳು.

ಕುಂದುಗಳೂ ಇವೆ. ಕಾಳಗಗಳು ಅತಿಯಾಗಿವೆ, ನಡೆದ ಓಣಿಯಲ್ಲೇ ಮತ್ತೆ ನಡೆಯುವಾಗ ಬೇಸರ ಬರುತ್ತದೆ. ಪುಸ್ತಕ ಓದದವರಿಗೆ ಕಥೆಯ ಕೊಂಡಿಗಳು ಅಲ್ಲಲ್ಲಿ ತಪ್ಪಿದಂತೆ ಕಾಣಬಹುದು. ಪರದೆಗೆ ಸ್ವಂತ ಬೆಳಕಿಲ್ಲವಾದ್ದರಿಂದ ನಾವು ಸಂಜೆಯಾದೊಡನೆ ಟ್ಯೂಬ್‌ಲೈಟಿನ ಕೆಳಗೇ ಕೂರಬೇಕಾಯಿತು.

ಆಟವನ್ನು ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಳೆಯ ಕಾರ್ಟ್ರಿಡ್ಜ್ ಕೊಳ್ಳುವವರು ಒಂದು ಸಂಗತಿಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆಟವನ್ನು ಎಲ್ಲಿಗೆ ನಿಲ್ಲಿಸಿದ್ದೆವು ಎಂಬುದನ್ನು ನೆನಪಿಡಲು ಅದರೊಳಗೆ ಗುಂಡಿಯಷ್ಟು ಗಾತ್ರದ ಸೆಲ್ ಇರುತ್ತದೆ. ನಮ್ಮದರ ಸೆಲ್ ಸತ್ತಿತ್ತು. ಮೂರು ಸಂಜೆಗಳ ಆಟ ಅಳಿಸಿಹೋಗಿ ಮಗಳು ಅತ್ತಳು. ಟಿವಿ ರಿಪೇರಿ ಮಾಡುವವರೊಬ್ಬರು ಹೊಸ ಸೆಲ್ ಬೆಸುಗೆ ಹಾಕಿಕೊಟ್ಟ ಮೇಲೆ, ಅವಳೇ ಮೊದಲಿನಿಂದ ಶುರುಮಾಡಿದಳು.