ರಿಸರ್ವೇಶನ್ ನಿಜ, ರೂಮು ಮಾತ್ರ ಇಲ್ಲ: ಟೈಮ್‌ಶೇರ್ ಬಾಡಿಗೆಗೆ ಹಿಡಿಯುವವರು ಓದಿ

ಆನ್‌ಲೈನಿನಲ್ಲಿ ಟೈಮ್‌ಶೇರ್ ಬಾಡಿಗೆಗೆ ಹಿಡಿಯುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: "ರೆಸಾರ್ಟಿಗೆ ನೀವೇ ಫೋನ್ ಮಾಡಿ, ನಿಮ್ಮ ಹೆಸರಲ್ಲಿ ರಿಸರ್ವೇಶನ್ ಇದೆಯಾ ಅಂತ ಕೇಳಿ, ಆಮೇಲೆ ದುಡ್ಡು ಕೊಡಿ." ನಾವು ಹಾಗೇ ಮಾಡಿದೆವು. ರಿಸರ್ವೇಶನ್ ಇತ್ತು, ಅದರಲ್ಲಿ ನಮ್ಮ ಹೆಸರೂ ಇತ್ತು. ದುಡ್ಡು ಕೊಟ್ಟೆವು. ಅತ್ತೆ, ಮಾವ, ಮಕ್ಕಳು, ಕುಕ್ಕರು ಎಲ್ಲವನ್ನೂ ಕಟ್ಟಿಕೊಂಡು ನ್ಯೂಜೆರ್ಸಿಯಿಂದ ಒರ್ಲ್ಯಾಂಡೊಗೆ ಹೋದರೆ ರೂಮು ಇಲ್ಲ. ಊರಿಂದ ಹಿರಿಯರನ್ನು ಕರೆಸಿಕೊಂಡು ಫ್ಲಾರಿಡಾ ತೋರಿಸಬೇಕು ಅಂತ ಹುಡುಕಾಟದಲ್ಲಿರುವ ನಮ್ಮವರು ಬಹಳ ಜನ ಇದ್ದೀರಿ. ಆ ಬುದ್ಧಿಮಾತು ಎಲ್ಲಿ ಕೈಕೊಡುತ್ತದೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ರೆಸಾರ್ಟಿನ ಒಂದು ಮನೆಯನ್ನು ವರ್ಷಕ್ಕೆ ಒಂದು ವಾರದ ಮಟ್ಟಿಗೆ, ಇಲ್ಲವೇ ಪಾಯಿಂಟ್‌ಗಳ ಲೆಕ್ಕದಲ್ಲಿ (ಖಾತೆಯಲ್ಲಿರುವ ಪಾಯಿಂಟ್ ಖರ್ಚು ಮಾಡಿ ಬೇಕಾದ ದಿನ ಬುಕ್ ಮಾಡುವುದು) ಕೊಂಡುಕೊಳ್ಳುವುದು ಟೈಮ್‌ಶೇರ್. ಕೊಂಡವರು ಹೋಗಲಿ ಬಿಡಲಿ, ವರ್ಷಾವರ್ಷ ಮೇಂಟೆನೆನ್ಸ್ ಫೀ ಕಟ್ಟಲೇಬೇಕು. ಎರಡು ಬೆಡ್‌ರೂಮಿನ ಮನೆಗೆ ಅದು ಸಾವಿರ ಡಾಲರ್ ದಾಟುವುದು ಮಾಮೂಲು. ಹೋಗಲಾಗದ ವರ್ಷ ಆ ಫೀ ಆದರೂ ಹುಟ್ಟಲಿ ಅಂತ ತಮ್ಮ ವಾರವನ್ನು ಬಾಡಿಗೆಗೆ ಬಿಡುತ್ತಾರೆ. ಇದರಲ್ಲಿ ಕಳ್ಳತನ ಏನೂ ಇಲ್ಲ, ಪ್ರಾಮಾಣಿಕವಾಗಿ ಬಿಡುವವರೇ ಹೆಚ್ಚು. ನಮ್ಮಂಥ ಸಂಸಾರಗಳಿಗೆ ಇದರ ದೊಡ್ಡ ಆಸೆ ಅಂದರೆ ಅಡುಗೆಮನೆ. ಮಾವನವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಅತ್ತೆಯವರು ಮೊಟ್ಟೆ ತಾಗಿದ್ದನ್ನೂ ಮುಟ್ಟುವವರಲ್ಲ. ಹೋಟೆಲಿನ ಎರಡು ರೂಮಿನ ಬಾಡಿಗೆಗೆ ಇಲ್ಲಿ ಒಲೆ, ಫ್ರಿಜ್ಜು, ವಾಷಿಂಗ್ ಮೆಷೀನು ಇರುವ ಮನೆಯೇ ಸಿಗುತ್ತದೆ.

ನಮಗೆ ಸಿಕ್ಕ ಓನರ್ ನಕಲಿ ಮನುಷ್ಯ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆತನ ಹೆಸರಿನ ಡೀಡ್, ಅಂದರೆ ಮಾಲೀಕತ್ವದ ಪತ್ರ, ಆರೆಂಜ್ ಕೌಂಟಿಯ ದಾಖಲೆಗಳಲ್ಲಿ ಆನ್‌ಲೈನಿನಲ್ಲೇ ಸಿಕ್ಕಿತು. ಒರ್ಲ್ಯಾಂಡೊ ಆರೆಂಜ್ ಕೌಂಟಿಗೆ ಸೇರುತ್ತದೆ, ಕಿಸಿಮ್ಮಿ ಕಡೆಯ ರೆಸಾರ್ಟಾದರೆ ಆಸಿಯೋಲಾ ಕೌಂಟಿಯಲ್ಲಿ ಹುಡುಕಬೇಕು. ಎರಡೂ ಕಡೆ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ವಿಡಿಯೋ ಕರೆಯಲ್ಲಿ ಮಾತಾಡಿದ, ಒಪ್ಪಂದಕ್ಕೆ ಸಹಿ ಹಾಕಿದ, ಕನ್ಫರ್ಮೇಶನ್ ನಂಬರ್ ಕಳಿಸಿದ. ಆತ ಕೊಟ್ಟ ನಂಬರಿಗಲ್ಲ, ರೆಸಾರ್ಟಿನ ವೆಬ್‌ಸೈಟಿನಲ್ಲಿದ್ದ ನಂಬರಿಗೇ ನಾನು ಫೋನ್ ಮಾಡಿದೆ. "ಹೌದು, ಗೆಸ್ಟ್ ಹೆಸರು ನಿಮ್ಮದೇ ಇದೆ" ಅಂದರು. ಬಾಡಿಗೆ 2,400 ಡಾಲರ್. ಸ್ಪ್ರಿಂಗ್ ಬ್ರೇಕ್, ಅಂದರೆ ಮಕ್ಕಳ ವಸಂತದ ರಜೆಯ ವಾರ ಆದ್ದರಿಂದ ತೀರಾ ಅಗ್ಗವೂ ಅಲ್ಲ. ಅರ್ಧ ಮುಂಗಡ ಜಾಹೀರಾತು ಇದ್ದ ತಾಣದ ಮೂಲಕ ಕ್ರೆಡಿಟ್ ಕಾರ್ಡಿನಲ್ಲಿ. ಬಾಕಿ ಅರ್ಧ ಚೆಕ್-ಇನ್‌ಗೆ ಒಂದೂವರೆ ತಿಂಗಳ ಮುಂಚೆ ಝೆಲ್‌ನಲ್ಲಿ, ಅಂದರೆ ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ಹಣ ಕಳಿಸುವ ಇಲ್ಲಿನ ವ್ಯವಸ್ಥೆಯಲ್ಲಿ. ಈ ವ್ಯವಹಾರದಲ್ಲಿ ಇದು ಎಲ್ಲರೂ ಮಾಡುವ ಪದ್ಧತಿ.

ಸಂಜೆ ನಾಲ್ಕಕ್ಕೆ ಚೆಕ್-ಇನ್. ಕೌಂಟರಿನ ಹುಡುಗಿ ನಮ್ಮ ಲೈಸೆನ್ಸ್ ನೋಡಿ ನಂಬರ್ ಒತ್ತಿದಳು. ಇನ್ನೊಂದು ಸಲ ಒತ್ತಿದಳು. ಆಮೇಲೆ ಹೆಸರಿನಲ್ಲಿ ಹುಡುಕಿದಳು, ಮುಖದ ನಗು ಹಾಗೇ ಇಟ್ಟುಕೊಂಡು ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದಳು. ರಿಸರ್ವೇಶನ್ ಓನರ್ ಖಾತೆಯಿಂದಲೇ ಕ್ಯಾನ್ಸಲ್ ಆಗಿದೆ, ಅದೂ ಒಂದು ತಿಂಗಳ ಹಿಂದೆಯೇ. ನಮಗೆ ಯಾಕೆ ತಿಳಿಸಲಿಲ್ಲ ಅಂತ ನಮ್ಮನೆಯವರು ಕೇಳಿದ್ದಕ್ಕೆ ಮ್ಯಾನೇಜರ್ ಹೇಳಿದ ಮಾತು ಇಡೀ ಕಥೆಯ ಬೇರು: "ನಮ್ಮ ಲೆಕ್ಕದಲ್ಲಿ ಗಿರಾಕಿ ಅವರು, ನೀವಲ್ಲ. ಕ್ಯಾನ್ಸಲ್ ಮಾಡಿದ ಈಮೇಲ್ ಅವರಿಗೇ ಹೋಗುತ್ತೆ." ಅಲ್ಲಿಂದಾಚೆ ಆತ ಬಾಯಿ ಬಿಡಲಿಲ್ಲ, ಓನರಿನ ವಿವರ ಖಾಸಗಿ ಅಂತ. ಓನರ್ ಫೋನು ರಿಂಗಾಗುತ್ತಲೇ ಇತ್ತು.

ಆ ಗಲಾಟೆಯಲ್ಲೇ ಪಕ್ಕದ ಮೇಜಿನಿಂದ ಕೋಟು ಹಾಕಿಕೊಂಡ ಇನ್ನೊಬ್ಬ ಬಂದು, ನಾಳೆ ಬೆಳಿಗ್ಗೆ ತೊಂಬತ್ತು ನಿಮಿಷದ ಪ್ರೆಸೆಂಟೇಶನ್ನಿಗೆ ಕೂತರೆ ತಿಂಡಿ ಪುಕ್ಕಟೆ, ಥೀಮ್ ಪಾರ್ಕ್ ಟಿಕೆಟ್ಟಿಗೆ ರಿಯಾಯಿತಿ ಅಂದ. ರೂಮು ಸಿಗದೆ ನಿಂತವರಿಗೆ ಟೈಮ್‌ಶೇರ್ ಮಾರಲು ಬಂದವನ ಧೈರ್ಯವನ್ನು ಮೆಚ್ಚಲೇಬೇಕು. ಅಂಥ ಕಡೆ ಕೂತು ಸಹಿ ಹಾಕಿ ಬಂದವರು ಯಾರಾದರೂ ಇದ್ದರೆ: ಫ್ಲಾರಿಡಾ ಕಾನೂನಿನ ಪ್ರಕಾರ 10 ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು, ಕಾರಣ ಹೇಳಬೇಕಾಗಿಲ್ಲ.

ಆವತ್ತು ರಾತ್ರಿ ಇಂಟರ್‌ನ್ಯಾಷನಲ್ ಡ್ರೈವ್‌ನ ಒಂದು ಮೋಟೆಲಿನಲ್ಲಿ, ಸ್ಪ್ರಿಂಗ್ ಬ್ರೇಕ್ ರೇಟಿಗೆ ಎರಡು ರೂಮು. ಮೈಕ್ರೋವೇವಿನಲ್ಲಿ ಅವಲಕ್ಕಿ ನೆನೆಸಿಕೊಟ್ಟಾಗ ಅತ್ತೆ ಕೇಳಿದ್ದು ಇಷ್ಟೇ: "ಅಲ್ಲಮ್ಮ, ಮದುವೆ ಅಡುಗೆ ಭಟ್ಟರಿಗೂ ಅಡ್ವಾನ್ಸ್ ಅಂತ ಒಂದಿಷ್ಟು ಕೊಟ್ಟು, ಬಾಕಿ ಬೀಗರ ಔತಣ ಮುಗಿದ ಮೇಲಲ್ವೇ ಕೊಡೋದು? ಈ ಅಮೆರಿಕದೋರು ಎಲ್ಲಾ ಮುಂಚೇನೇ ಇಸ್ಕೊಳ್ತಾರಾ?" ವಕೀಲರು, ಬ್ಯಾಂಕಿನವರು ಆಮೇಲೆ ಹೇಳಿದ್ದೆಲ್ಲ ಸೇರಿಸಿದರೂ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಆಟ ನಡೆಯುವುದು ಹೀಗೆ. ರಿಸರ್ವೇಶನ್ನಿನಲ್ಲಿ ನಿಮ್ಮ ಹೆಸರು ಇರುವುದು ಬರೀ ಅತಿಥಿ ಅಂತ. ಖಾತೆ ಓನರಿನದು, ಲಾಗಿನ್ ಓನರಿನದು. ನೀವು ಬಂದು ಕೀ ಕೈಗೆ ತೆಗೆದುಕೊಳ್ಳುವ ತನಕ ಆತ ಯಾವಾಗ ಬೇಕಾದರೂ ರದ್ದು ಮಾಡಬಹುದು. ಪಾಯಿಂಟ್ ಪದ್ಧತಿಯ ಕ್ಲಬ್ಬುಗಳಲ್ಲಿ ಒಂದು ಗಡುವಿನೊಳಗೆ ರದ್ದಾದರೆ ಪಾಯಿಂಟುಗಳೆಲ್ಲ ವಾಪಸ್ ಖಾತೆಗೆ ಬರುತ್ತವೆ. ನಿಮ್ಮ ದುಡ್ಡು ಜೇಬಿನಲ್ಲಿ, ಪಾಯಿಂಟು ಖಾತೆಯಲ್ಲಿ. ಅದೇ ಪಾಯಿಂಟಿನಿಂದ ಇನ್ನೊಂದು ವಾರ ಬುಕ್ ಮಾಡಿ ಇನ್ನೊಬ್ಬರಿಗೆ ಮಾರಬಹುದು. ನೀವು ಫೋನ್ ಮಾಡಿ ಖಾತ್ರಿ ಮಾಡಿಕೊಂಡದ್ದು ಆವತ್ತಿನ ಮಟ್ಟಿಗೆ ನಿಜ, ಮಾರನೆಯ ದಿನಕ್ಕೆ ಅದು ಏನೂ ಹೇಳುವುದಿಲ್ಲ.

ಹಾಗಾಗಿ ಓನರನ್ನು ಮೊದಲು ಕೇಳಬೇಕಾದ್ದು ಈ ಗಡುವಿನ ಬಗ್ಗೆ. ನಿಮ್ಮ ಕ್ಲಬ್ಬಿನಲ್ಲಿ ಪಾಯಿಂಟ್ ಪೂರ್ತಿ ವಾಪಸ್ ಬರುವಂತೆ ರದ್ದು ಮಾಡಲು ಕೊನೆಯ ದಿನ ಯಾವುದು? ಉದಾಹರಣೆಗೆ 1991ರಲ್ಲಿ ಶುರುವಾದ ಡಿಸ್ನಿ ವೆಕೇಶನ್ ಕ್ಲಬ್ಬನ್ನೇ ನೋಡಿ. ಅಲ್ಲಿ ಚೆಕ್-ಇನ್‌ಗೆ 31 ದಿನ ಅಥವಾ ಅದಕ್ಕೂ ಹೆಚ್ಚು ಇರುವಾಗ ರದ್ದು ಮಾಡಿದರೆ ಪಾಯಿಂಟ್ ಹಾಗೇ ಮರಳುತ್ತವೆ. 30 ದಿನ ಅಥವಾ ಅದಕ್ಕೂ ಕಡಿಮೆ ಇರುವಾಗ ರದ್ದು ಮಾಡಿದರೆ ಅವು ಹೋಲ್ಡಿಂಗ್ ಖಾತೆಗೆ ಹೋಗುತ್ತವೆ, ಮುಂದಿನ 60 ದಿನದೊಳಗೆ ಖಾಲಿ ಇರುವ ರೂಮಿಗೆ ಮಾತ್ರ ಬಳಸಬಹುದು. ಅಂದರೆ ಗಡುವು ದಾಟಿದ ಮೇಲೆ ರದ್ದು ಮಾಡುವುದರಲ್ಲಿ ಓನರಿಗೆ ಅಷ್ಟೇನೂ ಗಿಟ್ಟುವುದಿಲ್ಲ. ಬಾಕಿ ಹಣದ ತಾರೀಖು ಆ ಗಡುವಿನ ಮರುದಿನಕ್ಕೆ ಬೀಳಬೇಕು, ಹಿಂದಿನ ದಿನಕ್ಕಲ್ಲ. ನಮ್ಮ ಒಪ್ಪಂದದಲ್ಲಿ ಅದು ಗಡುವಿಗೆ ಮುಂಚೆಯೇ ಇತ್ತು, ಬರೆದವನು ಆತನೇ. ಕೊಡುವ ಮುಂಚೆ ರೆಸಾರ್ಟಿಗೆ ಇನ್ನೊಂದು ಫೋನು, ಹೊರಡುವ ಹಿಂದಿನ ದಿನ ಮತ್ತೊಂದು. ಬಾಡಿಗೆ ಹಣವನ್ನು ತಾವೇ ಹಿಡಿದಿಟ್ಟುಕೊಂಡು, ನೀವು ಒಳಗೆ ಕಾಲಿಟ್ಟ ಮೇಲೆ ಓನರಿಗೆ ಕೊಡುವ ತಾಣಗಳೂ ಇವೆ. ಅವರ ಕಮಿಷನ್ ನೋಡಿ "ಹೊರಗಡೆನೇ ಮುಗಿಸ್ಕೊಳ್ಳೋಣ, ನಿಮಗೆ ನೂರು ಡಾಲರ್ ಉಳಿಯುತ್ತೆ" ಅಂತ ಓನರ್ ಹೇಳಿದರೆ ಆ ನೂರು ಡಾಲರ್ ಅವನ ಲಾಭಕ್ಕೆ. ಇನ್ನು ಓನರೇ ಒಂದು ಎಸ್ಕ್ರೋ ಕಂಪನಿಯ (ಹಣವನ್ನು ನಡುವೆ ಹಿಡಿದಿಟ್ಟುಕೊಳ್ಳುವ ಕಂಪನಿಯ) ಲಿಂಕ್ ಕಳಿಸಿದರೆ ಅದನ್ನು ಒತ್ತಬೇಡಿ. ಅಂಥ ತಾಣಗಳನ್ನು ಹುಟ್ಟಿಸಿಕೊಂಡೇ ಮೋಸ ಮಾಡುವವರಿದ್ದಾರೆ.

ಝೆಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಚೀಟಿ ದುಡ್ಡಿನಿಂದ ಹಿಡಿದು ಸಂಘದ ಊಟದ ಟಿಕೆಟ್ಟಿನ ತನಕ ಎಲ್ಲಕ್ಕೂ ಝೆಲ್ ಮಾಡುತ್ತೇವೆ. ಅದು ಗುರುತಿರುವವರ ನಡುವಿನ ವ್ಯವಹಾರಕ್ಕೆ ಸರಿ. ನೀವೇ ಒಪ್ಪಿ ಕಳಿಸಿದ ಹಣಕ್ಕೆ ಅಲ್ಲಿ ಕೊಳ್ಳುವವರ ರಕ್ಷಣೆ ಅನ್ನುವುದು ಇಲ್ಲ. 2023ರಿಂದ ಬ್ಯಾಂಕುಗಳು ಕೆಲವು ವೇಷಧಾರಿ ಮೋಸಗಳಿಗೆ, ಅಂದರೆ ಬ್ಯಾಂಕಿನವರೋ ಸರ್ಕಾರದವರೋ ಅಂತ ಹೇಳಿಕೊಂಡು ಮಾಡಿದ್ದಕ್ಕೆ, ಹಣ ಹಿಂದಿರುಗಿಸುತ್ತಿವೆ. ನಿಜವಾದ ಓನರ್ ನಿಜವಾದ ಹೆಸರಿನಲ್ಲೇ ಕೈಕೊಟ್ಟರೆ ಅದು ಆ ಪಟ್ಟಿಗೆ ಬರುವುದಿಲ್ಲ. ಪೇಪಾಲ್‌ನಲ್ಲೂ "ಫ್ರೆಂಡ್ಸ್ ಅಂಡ್ ಫ್ಯಾಮಿಲಿ" ಅಂತ ಕಳಿಸಿದರೆ ಇದೇ ಗತಿ. ಕ್ರೆಡಿಟ್ ಕಾರ್ಡಿನ ಮಾತೇ ಬೇರೆ: ಸಿಗದ ಸೇವೆಗೆ ಹಾಕಿದ ಬಿಲ್ಲನ್ನು ಪ್ರಶ್ನಿಸುವ ಹಕ್ಕು 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯಲ್ಲೇ ಇದೆ. ಕಾಯ್ದೆ ಹೇಳುವುದು ಸ್ಟೇಟ್‌ಮೆಂಟ್ ಬಂದ 60 ದಿನದ ಲೆಕ್ಕ. ಆರು ತಿಂಗಳ ಮುಂಚೆ ಬುಕ್ ಮಾಡಿದವರಿಗೆ ಅದು ಎಂದೋ ಮುಗಿದಿರುತ್ತದೆ. ಆದರೆ ಕಾರ್ಡ್ ಕಂಪನಿಗಳ ಸ್ವಂತ ನಿಯಮದಲ್ಲಿ ಸೇವೆ ಸಿಗಬೇಕಾಗಿದ್ದ ದಿನದಿಂದ ಲೆಕ್ಕ ಹಿಡಿಯುವುದುಂಟು, ಆದ್ದರಿಂದ ಫೋನ್ ಮಾಡದೆ ಕೈಬಿಡಬೇಡಿ. ಕಾರ್ಡಿನಲ್ಲಿ ಕೊಟ್ಟ 1,200 ನಮಗೆ ವಾಪಸ್ ಬಂತು. ಝೆಲ್‌ನಲ್ಲಿ ಹೋದ 1,200 ಬರಲಿಲ್ಲ. ಬ್ಯಾಂಕಿನವರು ಕಾರ್ಡಿನ ತಕರಾರಿಗೆ ಕೇಳಿದ್ದು ಒಂದೇ ಕಾಗದ: ರಿಸರ್ವೇಶನ್ ಇಂಥ ದಿನ ರದ್ದಾಗಿದೆ ಅಂತ ರೆಸಾರ್ಟಿನ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು. ನಮ್ಮನೆಯವರು ಕೌಂಟರ್ ಬಿಡದೆ ನಿಂತು ಅದನ್ನು ಬರೆಸಿಕೊಂಡಿದ್ದರು. ಸಿಟ್ಟಿನಲ್ಲಿ ಹೊರಗೆ ನಡೆದುಬಿಟ್ಟರೆ ಆಮೇಲೆ ಅದನ್ನು ಫೋನಿನಲ್ಲಿ ತರಿಸಿಕೊಳ್ಳುವುದು ಕಷ್ಟ.

ಬೆಲೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಅಗ್ಗ ಅಂದರೆ ಮೋಸ ಅಂತ. ಒರ್ಲ್ಯಾಂಡೊದಲ್ಲಿ ಟೈಮ್‌ಶೇರ್‌ಗಳು ಎಷ್ಟೊಂದು ಇವೆ ಅಂದರೆ, ಸೆಪ್ಟೆಂಬರ್‌ನಂಥ ಕಡಿಮೆ ಸೀಸನ್ನಿನಲ್ಲಿ ಓನರುಗಳು ಮೇಂಟೆನೆನ್ಸ್ ಫೀಗಿಂತಲೂ ಕಡಿಮೆಗೆ ಬಿಡುತ್ತಾರೆ. ಕ್ರಿಸ್ಮಸ್, ಈಸ್ಟರ್ ವಾರಕ್ಕೆ ಅದೇ ಬೆಲೆ ಕಂಡರೆ ಆಗ ಅನುಮಾನಿಸಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಇದು ನಿಮ್ಮ ಸ್ವಂತ ವಾರವೋ, ಎಕ್ಸ್‌ಚೇಂಜಿನಲ್ಲಿ ಬಂದದ್ದೋ? ಆರ್‌ಸಿಐ, ಇಂಟರ್ವಲ್ ಇಂಟರ್‌ನ್ಯಾಷನಲ್ ಥರದ ಕಂಪನಿಗಳ ಮೂಲಕ ಓನರುಗಳು ತಮ್ಮ ವಾರ ಕೊಟ್ಟು ಬೇರೆ ರೆಸಾರ್ಟಿನ ವಾರ ಪಡೆಯುತ್ತಾರೆ. ಹಾಗೆ ಪಡೆದದ್ದನ್ನು ಗೆಸ್ಟ್ ಸರ್ಟಿಫಿಕೇಟ್ ಮಾಡಿಸಿ ನೆಂಟರಿಗೆ, ಸ್ನೇಹಿತರಿಗೆ ಕೊಡಬಹುದು. ಬಾಡಿಗೆಗೆ ಬಿಡುವಂತಿಲ್ಲ ಅಂತ ಅವರ ನಿಯಮದಲ್ಲಿದೆ. ಕಂಪನಿಗೆ ಗೊತ್ತಾದರೆ ಓನರಿಗೆ ದುರುದ್ದೇಶ ಇಲ್ಲದಿದ್ದರೂ ನಿಮ್ಮ ರೂಮು ಹೋಗಬಹುದು. "ಚೆಕ್-ಇನ್ ಮಾಡುವಾಗ ನನ್ನ ಕಸಿನ್ ಅಂತ ಹೇಳಿ" ಅಂತ ಯಾರಾದರೂ ಹೇಳಿಕೊಟ್ಟರೆ ಅದು ಇದೇ ಪೈಕಿ ಅಂತ ತಿಳಿಯಿರಿ. ಮೇಂಟೆನೆನ್ಸ್ ಫೀ ಬಾಕಿ ಉಳಿಸಿಕೊಂಡ ಓನರಿನ ಬುಕಿಂಗನ್ನೂ ರೆಸಾರ್ಟು ತಡೆಹಿಡಿಯಬಹುದು. ಫೀ ಪೂರ್ತಿ ಕಟ್ಟಿದೆ, ಇದು ನನ್ನ ಸ್ವಂತ ವಾರ, ನನ್ನ ಕಡೆಯಿಂದ ರದ್ದಾದರೆ ಪೂರ್ತಿ ಹಣ ವಾಪಸ್ ಅನ್ನುವ ಮೂರು ಮಾತು ಒಪ್ಪಂದದಲ್ಲಿ ಬರಲಿ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಯಾವ ಕಾರಣಕ್ಕೆ ಹಣ ಕೊಡುತ್ತೇವೆ ಅಂತ ಪಾಲಿಸಿಯಲ್ಲಿ ಪಟ್ಟಿ ಇರುತ್ತದೆ, ಓನರ್ ಕೈಕೊಟ್ಟದ್ದು ಅದರಲ್ಲಿ ಇರುವುದು ಅಪರೂಪ.

ಊರಿನಲ್ಲಿರುವವರಿಗೂ ಇದು ದೂರದ ಮಾತಲ್ಲ. ಕೊಡಗು, ಊಟಿ, ಗೋವಾದ ಹಾಲಿಡೇ ಕ್ಲಬ್ಬುಗಳ ಮೆಂಬರುಗಳು ಉಳಿದ ರಾತ್ರಿಗಳನ್ನು ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ಮಾರುತ್ತಾರೆ. ಅಲ್ಲೂ ಬುಕಿಂಗ್ ಮೆಂಬರ್ ಖಾತೆಯಲ್ಲೇ ಇರುತ್ತದೆ. ಯುಪಿಐನಲ್ಲಿ ಪೂರ್ತಿ ಹಣ ಕೇಳಿದರೆ ಝೆಲ್‌ಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ. ಮೋಸ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯಲು ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲೇ.

ಇಲ್ಲಿ ಅಮೆರಿಕದಲ್ಲಿ ಪೊಲೀಸರ ಹತ್ತಿರ ಹೋದರೆ, ಸಹಿ ಹಾಕಿದ ಒಪ್ಪಂದ ಇದೆ, ಇದು ಸಿವಿಲ್ ವಿಷಯ ಅಂದರು. ಎಫ್‌ಬಿಐಯ ಇಂಟರ್‌ನೆಟ್ ಅಪರಾಧ ದೂರು ಕೇಂದ್ರಕ್ಕೂ ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೂ ದೂರು ಕೊಟ್ಟಿದ್ದೇವೆ. ಅವು ದಾಖಲೆಗೆ ಸೇರುತ್ತವೆ, ನಿಮ್ಮ ದುಡ್ಡು ವಸೂಲಿ ಮಾಡಿಕೊಡುವುದು ಅವರ ಕೆಲಸ ಅಲ್ಲ. ಉಳಿದದ್ದು ಸ್ಮಾಲ್ ಕ್ಲೇಮ್ಸ್ ಕೋರ್ಟು, ಅಂದರೆ ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯ. ಫ್ಲಾರಿಡಾದಲ್ಲಿ ಅದರ ಮಿತಿ 8,000 ಡಾಲರ್, ನ್ಯೂಜೆರ್ಸಿಯಲ್ಲಿ 5,000. ಆದರೆ ಸಾಮಾನ್ಯವಾಗಿ ಎದುರಾಳಿ ಇರುವ ಕಡೆಯೇ ದಾವೆ ಹೂಡಬೇಕು, ಈತ ಇರುವುದು ಮೂರನೆಯ ರಾಜ್ಯದಲ್ಲಿ. ವಿಮಾನದ ಖರ್ಚು, ರಜೆ ಎಲ್ಲ ಕೂಡಿ ನೋಡಿದರೆ 1,200ಕ್ಕೆ ಏಳುವುದಿಲ್ಲ. ಆತ ಅದನ್ನೂ ಲೆಕ್ಕ ಹಾಕಿಯೇ ಇಳಿದಿರಬೇಕು. ನೋಟಿಸ್ ಮಾತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ಈ ನಡುವೆ "ನಿಮ್ಮ ಟೈಮ್‌ಶೇರ್ ಹಣ ವಾಪಸ್ ತರಿಸಿಕೊಡುತ್ತೇವೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಕರೆಗಳು ಶುರುವಾಗಿವೆ. ಒಮ್ಮೆ ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುವ ಎರಡನೆಯ ಬಲೆ ಅದು, ನಿಮಗೆ ಬಂದರೂ ಫೋನ್ ಇಟ್ಟುಬಿಡಿ.