ಶಿರಸಿಯಲ್ಲಿ ಕೂತು ಫೈವರ್ ಕೆಲಸ

ಶಿರಸಿಯ ಮನೆಯಿಂದಲೇ, ಬಿಡಿ ಕೆಲಸಗಳ ಆನ್‌ಲೈನ್ ತಾಣವಾದ ಫೈವರ್‌ನಲ್ಲಿ ಸಬ್‌ಟೈಟಲ್ ಕೆಲಸ ಮಾಡುತ್ತೇನೆ. ಇಲ್ಲಿ ನಮ್ಮ ಗಿಗ್ (ನಾವು ಮಾಡಿಕೊಡುವ ಕೆಲಸದ ಜಾಹೀರಾತು) ನೋಡಿ ಗ್ರಾಹಕರೇ ಹುಡುಕಿಕೊಂಡು ಬರುವುದು ಜಾಸ್ತಿ. ಸುಮ್ನೆ ‘ಅನುವಾದ’ ಎಂದು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ‘ಅಡುಗೆ ವಿಡಿಯೋಗಳಿಗೆ ಕನ್ನಡ ಸಬ್‌ಟೈಟಲ್’ ಎಂದು ಬರೆದ ಮೇಲೆ ನನಗೆ ಆರ್ಡರ್ ಬರತೊಡಗಿದವು.

ಫೈವರ್ ಹಿಡಿದುಕೊಳ್ಳುವ ಕಮಿಷನ್ ಶೇ. 20. ಅಂದರೆ 100 ಡಾಲರ್ ಕೆಲಸಕ್ಕೆ ಕೈಗೆ 80. ಹೊಸಬರಿಗೆ ಕೆಲಸ ಮುಗಿದ ಮೇಲೂ ದುಡ್ಡಿಗೆ 14 ದಿನ ಕಾಯಬೇಕು. ಆದರೆ ಗ್ರಾಹಕರು ಆರ್ಡರ್ ಕೊಡುವಾಗಲೇ ಹಣ ಕಟ್ಟಿರುತ್ತಾರೆ. ನನಗೆ ಅದೇ ದೊಡ್ಡ ಧೈರ್ಯ. ವಾಟ್ಸಾಪ್‌ಗೆ ಬನ್ನಿ, ಫೈವರ್ ಹೊರಗೇ ಹಣ ಕೊಡುತ್ತೇನೆ ಅನ್ನುವವರನ್ನು ನಂಬಲೇಬೇಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ಗೊತ್ತಲ್ವಾ? ಜೂನ್‌ ಬಂತೆಂದರೆ ಗಿಗ್‌ನಲ್ಲಿ ಡೆಲಿವರಿ ದಿನ ಹೆಚ್ಚಿಸಿಬಿಡಿ.