ಕ್ಯಾಬಿನೆಟ್ ಫ್ಯಾನ್ ಯಾರ ಮಾತು ಕೇಳಬೇಕು? ತುಮಕೂರಿನ ಸೆಕೆಯಲ್ಲಿ ನಾನು ಮಾಡಿ ನೋಡಿದ ದಾರಿಗಳು

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಕಂಪ್ಯೂಟರ್ ಇರುವುದು ಮಲಗುವ ಕೋಣೆಯಲ್ಲೇ, ಬೇರೆ ಜಾಗ ಇಲ್ಲ. ಏಪ್ರಿಲ್ ಬಂತೆಂದರೆ ಕೆಲಸವೂ ಜಾಸ್ತಿ, ಸೆಕೆಯೂ ಜಾಸ್ತಿ. ಎಡಿಟ್ ಮುಗಿದದ್ದನ್ನು ಪೂರ್ತಿ ವಿಡಿಯೋ ಮಾಡಿಸುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತೇವೆ. ರಾತ್ರಿ ಹನ್ನೊಂದಕ್ಕೆ ಒಂದು ಫೈಲ್ ಎಕ್ಸ್‌ಪೋರ್ಟಿಗೆ ಹಾಕಿದರೆ ಕಂಪ್ಯೂಟರಿನ ಡಬ್ಬಿ, ಅಂದರೆ ಕ್ಯಾಬಿನೆಟ್, ಮಿಕ್ಸಿ ತರಹ ಸದ್ದು ಮಾಡುತ್ತಿತ್ತು. "ರೀ, ಪಾಪು ಈಗ ತಾನೇ ಕಣ್ಣು ಮುಚ್ಚಿದೆ. ಅದನ್ನ ಬೆಳಿಗ್ಗೆ ಹಾಕ್ಕೊಳ್ಳಿ" ಅಂತ ಹೆಂಡತಿ ಹೇಳುತ್ತಿದ್ದಳು. ಬೆಳಿಗ್ಗೆ ಹಾಕಿದರೆ ಗಿರಾಕಿಗೆ ಹೇಳಿದ ಹೊತ್ತಿಗೆ ಕೊಡಲು ಆಗುವುದಿಲ್ಲ. ಹಾಗಾಗಿ 2025ರ ಬೇಸಿಗೆಯಲ್ಲಿ ಕೂತು, ಫ್ಯಾನುಗಳನ್ನು ಹದ್ದುಬಸ್ತಿನಲ್ಲಿಡುವ ಒಂದೊಂದೇ ದಾರಿಯನ್ನು ಮಾಡಿ ನೋಡಿದೆ.

ನನ್ನ ಮಿಷನ್ ಹೀಗಿದೆ. ಪ್ರೊಸೆಸರ್ ಇಂಟೆಲ್ ಐ5-12400, ಅದರ ಡಬ್ಬಿಯಲ್ಲೇ ಬಂದ ಕೂಲರ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಕ್ಯಾಬಿನೆಟ್ಟಿನ ಮುಂದೆ ಗಾಳಿ ಒಳಗೆ ಎಳೆಯುವ ಎರಡು ಫ್ಯಾನ್, ಹಿಂದೆ ಹೊರಗೆ ತಳ್ಳುವ ಒಂದು. ಪರೀಕ್ಷೆಗೆ ಪ್ರತಿ ಸಲವೂ ಅದೇ ಮದುವೆಯ 38 ನಿಮಿಷದ 4ಕೆ ವಿಡಿಯೋ. ಮಧ್ಯಾಹ್ನ ಎರಡು ಗಂಟೆಗೆ, ಕೋಣೆ 34 ಡಿಗ್ರಿ ಇದ್ದಾಗ ಎಕ್ಸ್‌ಪೋರ್ಟ್ ಶುರು ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಬಿಸಿ ಮತ್ತು ಫ್ಯಾನ್ ವೇಗ ತೋರಿಸುವ ಸಾಫ್ಟ್‌ವೇರ್ ಎಚ್‌ಡಬ್ಲ್ಯೂ‌ಇನ್‌ಫೋದಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದೆ. ಐ5-12400ಕ್ಕೆ ಇಂಟೆಲ್ ಕೊಟ್ಟಿರುವ ಮಿತಿ 100 ಡಿಗ್ರಿ. 3060ಕ್ಕೆ ಎನ್‌ವಿಡಿಯಾ ಕೊಟ್ಟಿರುವುದು 93. ಅಂಗಡಿಯಿಂದ ಬಂದ ಹಾಗೇ ಬಿಟ್ಟಾಗ ಪ್ರೊಸೆಸರ್ 66, ಗ್ರಾಫಿಕ್ಸ್ ಕಾರ್ಡ್ 81 ಇತ್ತು. ಅಪಾಯ ಏನೂ ಇಲ್ಲ. ನನ್ನ ಜಗಳ ಸದ್ದಿನ ಜೊತೆ.

ಮೊದಲು ಮಾಡಿದ್ದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿ ಇಟ್ಟೆ. ಅಂಕಿ ನೋಡಿದರೆ ಇದೇ ಗೆದ್ದಿತು. ಗ್ರಾಫಿಕ್ಸ್ ಕಾರ್ಡ್ 72ಕ್ಕೆ ಇಳಿಯಿತು. ಆದರೆ ಟೇಬಲ್ ಫ್ಯಾನಿನ ಸದ್ದು ಬೇರೆ, ಕೆಳಗೆ ಅಂಬೆಗಾಲಿಡುವ ಮಗು ಬೇರೆ. ಮೂರು ವಾರ ಆದಮೇಲೆ ಟಾರ್ಚ್ ಹಾಕಿ ನೋಡಿದೆ. ಪ್ರೊಸೆಸರ್ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿ ಹಾಗೆ ಹೊದ್ದುಕೊಂಡಿತ್ತು. ಬೆರಳಲ್ಲಿ ಕೆರೆದರೆ ಎಳೆಯಾಗಿ ಬಂತು. ಬಾಗಿಲು ಮುಚ್ಚಿದ್ದರೆ ಗಾಳಿಯ ಬಹುಪಾಲು ಮುಂದಿನ ಜಾಲರಿ ದಾಟಿಯೇ ಒಳಗೆ ಬರುತ್ತದೆ, ಧೂಳು ಅಲ್ಲೇ ನಿಲ್ಲುತ್ತದೆ. ಬಾಗಿಲು ತೆಗೆದರೆ ಆ ಜಾಲರಿಗೆ ಕೆಲಸವೇ ಇಲ್ಲ. ಮೊದಲ ಮಳೆ ಬಿದ್ದ ಸಂಜೆ ಮಾನಿಟರ್ ಬೆಳಕಿಗೆ ರೆಕ್ಕೆ ಹುಳಗಳು ಬಂದು ಒಳಗೆ ಬಿದ್ದವು. ಅವತ್ತೇ ಬಾಗಿಲು ಹಾಕಿದೆ. ತುರ್ತಿಗೆ ಒಂದು ದಿನ ಓಕೆ, ಅದಕ್ಕಿಂತ ಜಾಸ್ತಿ ಬೇಡ.

ಆಮೇಲೆ ತಿರುಪುವ ಗುಬ್ಬಿ ಇರುವ ಸಣ್ಣ ಕಂಟ್ರೋಲರ್ ತಂದೆ. ಕೆಲವು ನೂರು ರೂಪಾಯಿ ಅಷ್ಟೇ. ರಾತ್ರಿ ಕಡಿಮೆ ಮಾಡಿದರೆ ಎಷ್ಟು ಶಾಂತ! ಆದರೆ ಅದಕ್ಕೆ ಬಿಸಿ ಗೊತ್ತಾಗಲ್ಲ, ನಾನೇ ನೆನಪಿಟ್ಟುಕೊಂಡು ತಿರುಗಿಸಬೇಕು. ಮಾರನೇ ದಿನ ಮಧ್ಯಾಹ್ನ ಜಾಸ್ತಿ ಮಾಡಲು ಮರೆತೆ. ಗ್ರಾಫಿಕ್ಸ್ ಕಾರ್ಡ್ 84 ಮುಟ್ಟಿತು. ಕೆಲಸದ ಮಿಷನ್ನಿಗೆ ಇದು ಸರಿಯಲ್ಲ.

ಇನ್ನು ಬಯೋಸ್, ಅಂದರೆ ವಿಂಡೋಸ್ ಏಳುವ ಮೊದಲೇ ಓಡುವ, ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್. ಇದಕ್ಕೆ ನಾನು ಎರಡು ದಿನ ಕೊಟ್ಟೆ, ಕೊಟ್ಟಿದ್ದು ಸಾರ್ಥಕ. ಈಗಿನ ಬಹುತೇಕ ಮದರ್‌ಬೋರ್ಡುಗಳ ಬಯೋಸಿನಲ್ಲಿ ಫ್ಯಾನ್ ವೇಗ ಹೊಂದಿಸುವ ಪುಟ ಇದೆ. ಏಸಸ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂಬ ಹೆಸರು. ಎಷ್ಟು ಡಿಗ್ರಿಗೆ ಫ್ಯಾನ್ ಎಷ್ಟು ತಿರುಗಬೇಕು ಎಂದು ಒಂದು ಗೆರೆ ಎಳೆಯುವುದೇ ಕೆಲಸ.

ಒಳಗೆ ಹೋದ ಕೂಡಲೇ ಮೊದಲ ಕಳ್ಳ ಸಿಕ್ಕಿದ. ಹಿಂದಿನ ಫ್ಯಾನ್ ಹಗಲು ರಾತ್ರಿ ಪೂರ್ತಿ ವೇಗದಲ್ಲೇ ಇತ್ತು. ಯಾಕೆ ಅಂತ ನೋಡಿದರೆ ಅದು ಮೂರು ಪಿನ್ನಿನ ಫ್ಯಾನ್. ಕಂಪ್ಯೂಟರ್ ಜೋಡಿಸಿಕೊಟ್ಟವರು ಬಯೋಸಿನಲ್ಲಿ ಆ ಫ್ಯಾನ್ ಚುಚ್ಚಿದ ಜಾಗವನ್ನು, ನಾಲ್ಕು ಪಿನ್ನಿನ ಫ್ಯಾನಿಗೆ ಹೊಂದುವ ಪಿಡಬ್ಲ್ಯೂಎಂ ಎಂದು ಇಟ್ಟುಬಿಟ್ಟಿದ್ದರು. ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಸದಾ ಸಿಗುತ್ತದೆ, ವೇಗ ಎಷ್ಟು ಅನ್ನುವುದು ನಾಲ್ಕನೇ ತಂತಿಯಲ್ಲಿ ಹೋಗುತ್ತದೆ. ಮೂರು ಪಿನ್ನಿನದಕ್ಕೆ ಆ ತಂತಿಯೇ ಇಲ್ಲ. ಅದಕ್ಕೆ ವೋಲ್ಟೇಜನ್ನೇ ಇಳಿಸಬೇಕು. ಪಿಡಬ್ಲ್ಯೂಎಂ ಇದ್ದದ್ದನ್ನು ವೋಲ್ಟೇಜ್ ಇಳಿಸುವ ಡಿಸಿ ಎಂದು ಬದಲಾಯಿಸಿದೆ. ಗುಂಯ್ ಎನ್ನುತ್ತಿದ್ದ ಸದ್ದು ಅರ್ಧ ಉಸಿರಿನಲ್ಲಿ ಇಳಿದು ಹೋಯಿತು. ಖರ್ಚು ಸೊನ್ನೆ. ನಿಮ್ಮ ಕಂಪ್ಯೂಟರ್ ಸುಮ್ನೆ ಇದ್ದಾಗಲೂ ಕೂಗುತ್ತಿದ್ದರೆ ಮೊದಲು ಇದನ್ನು ನೋಡಿ.

ಎರಡನೇ ಪಾಠ ಗೆರೆಯದ್ದು. ಯೂಟ್ಯೂಬಿನಲ್ಲಿ ನೋಡಿ 40 ಡಿಗ್ರಿಯಿಂದ ಏರುವ ಗೆರೆ ಹಾಕಿದೆ. ಅದು ತಂಪು ದೇಶದವರ ಗೆರೆ. ಅವರ ಕೋಣೆ 20 ಡಿಗ್ರಿ ಇದ್ದರೆ ನಮ್ಮದು 34. ಬರೀ ಗಾಳಿಯಿಂದ ತಂಪು ಮಾಡುವಾಗ ಕೋಣೆ ಎಷ್ಟು ಬಿಸಿಯೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಮೇಲೆ ಕೂರುತ್ತದೆ. ನನ್ನದು ಸುಮ್ನೆ ಇದ್ದಾಗಲೇ 47, 48 ಇರುತ್ತದೆ. 40ರಿಂದ ಗೆರೆ ಏರಿದರೆ ಫ್ಯಾನಿಗೆ ವಿಶ್ರಾಂತಿಯೇ ಇಲ್ಲ ಅಲ್ವಾ? 55 ಡಿಗ್ರಿವರೆಗೆ ಶೇ. 30, 70ಕ್ಕೆ ಶೇ. 55, 85ಕ್ಕೆ ಪೂರ್ತಿ ಎಂದು ಎಳೆದೆ. ಆಮೇಲೆ ಸರಿಹೋಯಿತು.

ಇನ್ನೊಂದು ಕಿರಿಕಿರಿ ಇತ್ತು. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಒಂದೇ ಕ್ಷಣಕ್ಕೆ ಹದಿನೈದು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಹಿಂದೆ ಓಡುತ್ತದೆ. ಜುಂಯ್, ನಿಶ್ಶಬ್ದ, ಜುಂಯ್. ಒಂದೇ ಸಮನೆ ಬರುವ ಸದ್ದಿಗೆ ಮಗು ಮಲಗುತ್ತದೆ, ಏರಿಳಿಯುವ ಸದ್ದಿಗೆ ಎದ್ದುಬಿಡುತ್ತದೆ. ಫ್ಯಾನ್ ಏರುವ ಮೊದಲು ಸ್ವಲ್ಪ ಕಾಯಲಿ ಎನ್ನುವ ಆಯ್ಕೆ ಅದೇ ಪುಟದಲ್ಲಿದೆ, ಬೋರ್ಡಿಗೊಂದು ಹೆಸರು. ಅದನ್ನು ಸಿಗುವಷ್ಟು ನಿಧಾನಕ್ಕೆ ಇಟ್ಟೆ. ಕೂಲರಿನ ಲೋಹ ಬಿಸಿಯಾಗಲು ಹೇಗೂ ಸಮಯ ಬೇಕು. ಕೆಲವು ಸೆಕೆಂಡು ತಡ ಆದರೆ ಏನೂ ನಷ್ಟ ಇಲ್ಲ.

ಬಯೋಸಿನ ದೊಡ್ಡ ಗುಣ, ಕರೆಂಟ್ ಹೋಗಿ ಬಂದರೂ, ವಿಂಡೋಸ್ ಕೆಟ್ಟರೂ, ಬೇರೆ ಓಎಸ್ ಹಾಕಿದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಆದರೆ ಒಂದು ಕಡೆ ಅದು ಕುರುಡು. ನನ್ನ ಬೋರ್ಡಿನ ಬಯೋಸಿಗೆ ಪ್ರೊಸೆಸರಿನ ಬಿಸಿ ಗೊತ್ತು, ಬೋರ್ಡಿನ ಬಿಸಿ ಗೊತ್ತು, ಗ್ರಾಫಿಕ್ಸ್ ಕಾರ್ಡಿನದು ಗೊತ್ತಿಲ್ಲ. ನನ್ನ ಎಕ್ಸ್‌ಪೋರ್ಟಿನಲ್ಲಿ ಬೇಯುವುದು ಅದೇ. ಕಾರ್ಡ್ 81 ಡಿಗ್ರಿಯಲ್ಲಿದ್ದು, ತನ್ನ ಸಣ್ಣ ಫ್ಯಾನುಗಳನ್ನು ನಿಮಿಷಕ್ಕೆ 2300 ಸುತ್ತಿನಲ್ಲಿ ತಿರುಗಿಸುತ್ತಿರುತ್ತದೆ. ಮುಂದಿನ ಎರಡು ದೊಡ್ಡ ಫ್ಯಾನುಗಳು "ಪ್ರೊಸೆಸರ್ 66 ತಾನೇ" ಎಂದು 650 ಸುತ್ತಿನಲ್ಲಿ ಹಾಯಾಗಿರುತ್ತವೆ. ಒಳಗಿನ ಬಿಸಿ ಗಾಳಿಯನ್ನೇ ಕಾರ್ಡ್ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಇಷ್ಟು ದಿನ ನಾನು ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು ಹುಡುಕುತ್ತಿದ್ದೆ. ಕೇಳಬೇಕಿದ್ದ ಪ್ರಶ್ನೆ, ಯಾವ ಫ್ಯಾನ್ ಯಾವ ಬಿಸಿಯನ್ನು ನೋಡುತ್ತಿದೆ ಅನ್ನುವುದು.

ಮದರ್‌ಬೋರ್ಡ್ ಕಂಪನಿಯದೇ ಸಾಫ್ಟ್‌ವೇರ್ ಹಾಕಿ ನೋಡಿದೆ. ಫ್ಯಾನ್ ಜೊತೆಗೆ ಲೈಟು, ಅಪ್‌ಡೇಟು, ಜಾಹೀರಾತು ಎಲ್ಲವೂ ಬಂದವು. ಎರಡು ದಿನಕ್ಕೆ ತೆಗೆದೆ. ಒಂದು ಎಚ್ಚರ: ಇಂಥದ್ದನ್ನು ಮತ್ತು ಬೇರೆ ಫ್ಯಾನ್ ಸಾಫ್ಟ್‌ವೇರನ್ನು ಒಟ್ಟಿಗೆ ಓಡಿಸಬೇಡಿ. ಎರಡೂ ಒಂದೇ ಚಿಪ್ಪಿಗೆ ಬೇರೆ ಬೇರೆ ಆಜ್ಞೆ ಕೊಡುತ್ತವೆ. ಹಳೆಯ ಸ್ಪೀಡ್‌ಫ್ಯಾನ್ ಎಂಬ ಫ್ಯಾನ್ ಸಾಫ್ಟ್‌ವೇರ್ ಮೇಲೆ ನನಗೆ ಪ್ರೀತಿ ಇದೆ, ಮೊದಲ ಕಂಪ್ಯೂಟರಿನಲ್ಲಿ ಅದನ್ನೇ ಬಳಸಿದ್ದು. ಆದರೆ 4.52ನೇ ಆವೃತ್ತಿಗೆ ಅದು ನಿಂತುಹೋಗಿದೆ. ಈಗಿನ ಬೋರ್ಡಿನಲ್ಲಿ ಒಂದು ಕಡೆ 127 ಡಿಗ್ರಿ ತೋರಿಸಿತು. ಗಾಬರಿ ಆಗಬೇಡಿ, ಅದು ಏನೂ ಜೋಡಿಸದ ಸೆನ್ಸರಿನ ಅಂಕಿ.

ಕೊನೆಗೆ ನನ್ನ ಮನೆಯಲ್ಲಿ ನಿಂತಿದ್ದು ಫ್ಯಾನ್ ಕಂಟ್ರೋಲ್ ಎಂಬ ಉಚಿತ ವಿಂಡೋಸ್ ಸಾಫ್ಟ್‌ವೇರ್. ಹೆಸರೂ ಅದೇ, ಕೆಲಸವೂ ಅದೇ. ಮೊದಲ ಸಲ ತೆರೆದಾಗ ಒಂದೊಂದೇ ಫ್ಯಾನನ್ನು ನಿಲ್ಲಿಸಿ ತಿರುಗಿಸಿ ಯಾವುದು ಯಾವುದೆಂದು ಕಂಡುಕೊಳ್ಳುತ್ತದೆ. ಇದರಲ್ಲಿ ಮಿಕ್ಸ್ ಎನ್ನುವುದು ಒಂದಿದೆ, ನನಗೆ ಬೇಕಿದ್ದದ್ದು ಅದೇ. ಪ್ರೊಸೆಸರಿಗೆ ಒಂದು ಗೆರೆ, ಗ್ರಾಫಿಕ್ಸ್ ಕಾರ್ಡಿಗೆ ಒಂದು ಗೆರೆ ಎಳೆದು, ಎರಡರಲ್ಲಿ ಯಾವುದು ಜಾಸ್ತಿ ಕೇಳುತ್ತದೋ ಅದರ ಮಾತನ್ನು ಮುಂದಿನ ಫ್ಯಾನುಗಳು ಕೇಳಲಿ ಎಂದು ಇಟ್ಟೆ.

ಅವತ್ತಿನ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಎಕ್ಸ್‌ಪೋರ್ಟ್ ಶುರುವಾಯಿತು. ಕಾರ್ಡ್ 65 ದಾಟುತ್ತಲೇ ಮುಂದಿನ ಫ್ಯಾನುಗಳು ಮೆಲ್ಲಗೆ 1000 ಸುತ್ತಿಗೆ ಏರಿದವು. ಇಪ್ಪತ್ತು ನಿಮಿಷ ಆದರೂ ಕಾರ್ಡ್ 74ರಲ್ಲೇ ನಿಂತಿತು. ಅದರ ಸ್ವಂತ ಫ್ಯಾನುಗಳು 2300ರಿಂದ 1700ಕ್ಕೆ ಇಳಿದವು. ಎರಡು ಫ್ಯಾನಿನ ವೇಗ ಏರಿಸಿದ್ದೇನೆ, ಒಟ್ಟು ಸದ್ದು ಕಡಿಮೆಯಾಗಿದೆ! ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೆ ಬರುವುದು ಗಾಳಿಯ ಸದ್ದು. ಸಣ್ಣ ಫ್ಯಾನ್ ಜೋರಾಗಿ ತಿರುಗಿದರೆ ಕೀರಲು ಸದ್ದು. ಫ್ಯಾನಿನ ವೇಗ ಎರಡು ಪಟ್ಟಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ ಎನ್ನುವುದು ಫ್ಯಾನ್ ಮಾಡುವವರ ಲೆಕ್ಕ. ಹಾಗಾಗಿ ಕಾರ್ಡಿನ ಫ್ಯಾನ್ ಇಳಿದದ್ದು ಕಿವಿಗೆ ಕೂಡಲೇ ತಿಳಿಯಿತು.

ಇದಕ್ಕೂ ತೊಂದರೆ ಇಲ್ಲದಿಲ್ಲ. ವಿಂಡೋಸ್ ಏಳುವವರೆಗೆ ಇದು ಕೆಲಸ ಮಾಡುವುದಿಲ್ಲ. 2025ರ ಮಾರ್ಚಿನಲ್ಲಿ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಇದನ್ನು ಅಪಾಯ ಎಂದು ತಡೆಯಲು ಶುರು ಮಾಡಿತು. ಇದು ಸೆನ್ಸರ್ ಓದಲು ಬಳಸುತ್ತಿದ್ದ ವಿನ್‌ರಿಂಗ್‌0 ಎಂಬ ಡ್ರೈವರಿನಲ್ಲಿ ಭದ್ರತೆಯ ದೋಷ ಇದ್ದದ್ದು ನಿಜ. ನಂತರದ ಆವೃತ್ತಿಗಳು ಪಾನ್‌ಐಒ ಎಂಬ ಬೇರೆ ಡ್ರೈವರಿಗೆ ಬದಲಾದವು. ಹಾಕುವುದಾದರೆ ಹೊಸ ಆವೃತ್ತಿಯನ್ನೇ ಹಾಕಿ. ಡಿಫೆಂಡರನ್ನು ಆಫ್ ಮಾಡಿ ಹಳೆಯದನ್ನು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಗಿರಾಕಿಗಳ ಮನೆ ಮದುವೆ ಅದೇ ಮಿಷನ್ನಿನಲ್ಲಿದೆ.

ವಿಂಡೋಸ್ ಬದಲು ಲಿನಕ್ಸ್ ಎಂಬ ಓಎಸ್ ಹಾಕಿಯೂ ಒಂದು ವಾರ ನೋಡಿದೆ. ಬಿಸಿ ಓದುವ ಎಲ್‌ಎಂ-ಸೆನ್ಸರ್ಸ್ ಹಾಕಿ, ಫ್ಯಾನಿನ ಗೆರೆ ಹೊಂದಿಸುವ ಪಿಡಬ್ಲ್ಯೂಎಂ-ಕಾನ್ಫಿಗ್ ಓಡಿಸಿದರೆ ಆಗುತ್ತದೆ. ಕಮಾಂಡ್ ಬರೆಯಲು ಬೇಸರ ಇಲ್ಲದವರಿಗೆ ಒಳ್ಳೆಯದು.

ಈಗ ನನ್ನಲ್ಲಿ ಎರಡೂ ಇವೆ. ಪ್ರೊಸೆಸರ್ ಕೂಲರ್ ಮತ್ತು ಹಿಂದಿನ ಫ್ಯಾನ್ ಬಯೋಸಿನ ಕೈಯಲ್ಲಿ. ಮುಂದಿನ ಎರಡು ಮಾತ್ರ ಫ್ಯಾನ್ ಕಂಟ್ರೋಲ್ ಕೈಯಲ್ಲಿ. ಸಾಫ್ಟ್‌ವೇರ್ ನಿಂತರೂ ಪ್ರೊಸೆಸರಿಗೆ ಏನೂ ಆಗದಿರಲಿ ಎಂದು ಹಾಗೆ ಹಂಚಿದೆ. ತಿಂಗಳಿಗೊಮ್ಮೆ ಮುಂದಿನ ಜಾಲರಿ ತೊಳೆದು ಒಣಗಿಸುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದಾಗ ಎಳೆದ ಗೆರೆಗಳೆಲ್ಲ ಅಳಿಸಿ ಹೋಗುವುದುಂಟು, ನನಗೆ ಒಮ್ಮೆ ಹಾಗೇ ಆಯಿತು. ಅದಕ್ಕೇ ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ಪಾಪುವಿನ ಫೋಟೊಗಳ ಜೊತೆ.